ಹೆಡ್‌ಲೈಟ್ ಬಲ್ಬ್: ಬೆಳಕು ಬೇಕಾ, ಬಾಳಿಕೆ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಮುಖ್ಯವಾಗಿ 12 ವೋಲ್ಟಿನ ಹ್ಯಾಲೊಜೆನ್ ಬಲ್ಬುಗಳ ಬಗ್ಗೆ. ಆಲ್ಟೊ, ವ್ಯಾಗನ್‌ಆರ್, ಬೊಲೆರೊದಂಥ ಗಾಡಿಗಳಲ್ಲಿ ಕಾಣುವ ಎರಡು ಫಿಲಮೆಂಟಿನ (ಕಾದು ಉರಿಯುವ ತಂತಿಯ) ಎಚ್4, ಮತ್ತು ಲೋ ಬೀಮ್‌ಗೆ ಬೇರೆ, ಹೈ ಬೀಮ್‌ಗೆ ಬೇರೆ ಬಲ್ಬ್ ಇರುವ ಕಾರುಗಳ ಎಚ್7, ಇವೆರಡೇ ಹೆಚ್ಚಿನ ಪ್ರಶ್ನೆಗಳಲ್ಲಿ ಬರುವುದು. ಎಲ್‌ಇಡಿ, ಬೈಕ್, ಲಾರಿ ಬಗ್ಗೆ ಕೇಳುವವರಿಗೂ ಮುಂದೆ ಉತ್ತರವಿದೆ.

## ಮೊದಲು ತಿಳಿದಿರಬೇಕಾದದ್ದು

ದುಬಾರಿ ಬಲ್ಬ್ ಹಾಕಿಸಿದೆ, ಬೆಳಕೇನೋ ಚೆನ್ನಾಗಿತ್ತು, ಒಂದು ವರ್ಷಕ್ಕೇ ಹೋಯ್ತು. ಕಂಪನಿಯಿಂದ ಬಂದಿದ್ದ ಬಲ್ಬ್ ನಾಲ್ಕು ವರ್ಷ ಉರಿದಿತ್ತು. ಮೋಸ ಹೋದ್ನಾ?

ಬಹುಶಃ ಇಲ್ಲ. ನೀವು ಕೊಂಡದ್ದು ಬೆಳಕನ್ನು, ಬಾಳಿಕೆಯನ್ನಲ್ಲ. ಹ್ಯಾಲೊಜೆನ್ ಬಲ್ಬಿನಲ್ಲಿ ಬೆಳಕು ಬರುವುದು ಟಂಗ್‌ಸ್ಟನ್ ತಂತಿ ಕಾಯುವುದರಿಂದ. ತಂತಿ ಹೆಚ್ಚು ಕಾದಷ್ಟೂ ಬೆಳಕು ಹೆಚ್ಚು, ಬಿಳುಪೂ ಹೆಚ್ಚು. ಅದೇ ಶಾಖಕ್ಕೆ ಟಂಗ್‌ಸ್ಟನ್ ಆವಿಯಾಗುವ ವೇಗವೂ ಏರುತ್ತದೆ. ಟಂಗ್‌ಸ್ಟನ್ ಕರಗುವುದು 3,422 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೆಡ್‌ಲೈಟಿನ ಫಿಲಮೆಂಟ್ ಕೆಲಸ ಮಾಡುವುದು 2,800 ಡಿಗ್ರಿಯ ಆಸುಪಾಸಿನಲ್ಲಿ. ಹೆಚ್ಚು ಬೆಳಕಿನ ಬಲ್ಬಿನಲ್ಲಿ ಈ ಅಂತರ ಇನ್ನೂ ಕಿರಿದಾಗುತ್ತದೆ.

ತಂತಿ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ ಎಂಬುದೂ ಮುಖ್ಯ. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ತೆಳುವಾದರೆ ಅಲ್ಲಿ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಹೆಚ್ಚಿ, ಆ ಜಾಗ ಉಳಿದ ಭಾಗಕ್ಕಿಂತ ಹೆಚ್ಚು ಕಾಯುತ್ತದೆ. ಹೆಚ್ಚು ಕಾದದ್ದರಿಂದ ಇನ್ನಷ್ಟು ಬೇಗ ತೆಳುವಾಗುತ್ತದೆ. ಬಲ್ಬ್ ಕೊನೆಯವರೆಗೂ ಚೆನ್ನಾಗಿಯೇ ಉರಿದು ಒಂದು ರಾತ್ರಿ ದಿಢೀರನೆ ಆರಿಹೋಗುವುದು ಇದರಿಂದಲೇ.

ಹ್ಯಾಲೊಜೆನ್‌ನಲ್ಲಿ ಆವಿಯಾದ ಟಂಗ್‌ಸ್ಟನ್ ವಾಪಸ್ ಫಿಲಮೆಂಟಿಗೇ ಬಂದು ಕೂರುತ್ತೆ ಅಂತಾರೆ. ಹಾಗಿದ್ರೆ ಯಾಕೆ ಸುಟ್ಟುಹೋಗುತ್ತೆ?

ವಾಪಸ್ ಬರುವುದು ನಿಜ, ಆದರೆ ಬೇಕಾದ ಜಾಗಕ್ಕೆ ಬರುವುದಿಲ್ಲ. ಗಾಜಿನೊಳಗಿರುವ ಅಯೋಡಿನ್ ಅಥವಾ ಬ್ರೋಮಿನ್ ಅಂಶ ಆವಿಯಾದ ಟಂಗ್‌ಸ್ಟನ್ ಜೊತೆ ಸೇರಿ, ಗಾಜಿಗೆ ಅಂಟದಂತೆ ತಡೆದು, ಫಿಲಮೆಂಟಿನ ಬಳಿ ಮತ್ತೆ ಬಿಟ್ಟುಕೊಡುತ್ತದೆ. ಅದು ಕೂರುವುದು ಹೆಚ್ಚಾಗಿ ತಂತಿಯ ತಣ್ಣನೆಯ ಭಾಗಗಳ ಮೇಲೆ. ತೆಳುವಾಗಿ ಕಾದಿರುವ ಜಾಗ ತೆಳುವಾಗಿಯೇ ಉಳಿಯುತ್ತದೆ. ಈ ಚಕ್ರದ ದೊಡ್ಡ ಲಾಭವೆಂದರೆ ಗಾಜು ಕಪ್ಪಾಗುವುದಿಲ್ಲ, ಬೆಳಕು ಕೊನೆಯವರೆಗೂ ಹೆಚ್ಚು ಕುಗ್ಗುವುದಿಲ್ಲ. ಇದು ನಡೆಯಬೇಕಾದರೆ ಗಾಜಿನ ಗೋಡೆ ಸುಮಾರು 250 ಡಿಗ್ರಿಗಿಂತ ಬಿಸಿ ಇರಬೇಕು. ಬಲ್ಬ್ ಅಷ್ಟು ಚಿಕ್ಕದಾಗಿರುವುದು ಅದಕ್ಕೇ.

ಬಲ್ಬ್ ಎಷ್ಟು ದಿನ ಬರಬೇಕು ಅಂತ ಹೇಗೆ ಲೆಕ್ಕ ಹಾಕೋದು?

ದಿನ, ತಿಂಗಳು, ಕಿಲೋಮೀಟರ್ ಬಿಡಿ. ಹೆಡ್‌ಲೈಟ್ ಉರಿದ ಗಂಟೆಗಳನ್ನು ಲೆಕ್ಕ ಹಾಕಿ. ಒಳ್ಳೆಯ ಕಂಪನಿಗಳ ಮಾಹಿತಿ ಹಾಳೆಯಲ್ಲಿ ಬಿ3, ಟಿಸಿ ಎಂಬ ಎರಡು ಅಂಕಿಗಳಿರುತ್ತವೆ. ನೂರರಲ್ಲಿ 3 ಬಲ್ಬ್ ಸುಟ್ಟುಹೋಗುವ ಹೊತ್ತಿಗೆ ಆದ ಗಂಟೆ ಬಿ3. ನೂರರಲ್ಲಿ ಸುಮಾರು 63 ಹೋಗುವ ಹೊತ್ತಿಗೆ ಆದದ್ದು ಟಿಸಿ. ಪ್ಯಾಕೆಟ್ ಮೇಲೆ ದೊಡ್ಡದಾಗಿ ಹಾಕುವುದು ಸಾಮಾನ್ಯವಾಗಿ ದೊಡ್ಡ ಅಂಕಿಯನ್ನೇ. ಹಾಗಾಗಿ ಎರಡು ಕಂಪನಿಗಳನ್ನು ಹೋಲಿಸುವಾಗ ಒಂದೇ ಬಗೆಯ ಅಂಕಿ ನೋಡಿ.

ಅಂದಾಜಿಗೆ, ಸಾಧಾರಣ ಬಲ್ಬ್ 400–500 ಗಂಟೆ, ಹೆಚ್ಚು ಬೆಳಕಿನದು 150–250 ಗಂಟೆ, ‘ಲಾಂಗ್ ಲೈಫ್’ ಎಂದು ಮಾರುವುದು 1,000 ಗಂಟೆ ಅಥವಾ ಹೆಚ್ಚು. ದಿನಕ್ಕೆ ಅರ್ಧ ಗಂಟೆ ಹೆಡ್‌ಲೈಟ್ ಹಾಕುವವರಿಗೆ ವರ್ಷಕ್ಕೆ ಸುಮಾರು 180 ಗಂಟೆ ಆಗುತ್ತದೆ. ಅವರಿಗೆ ಸಾಧಾರಣ ಬಲ್ಬ್ ಎರಡೂವರೆ ವರ್ಷ ಬಂದರೆ, 200 ಗಂಟೆಯ ಬಲ್ಬ್ ಒಂದು ವರ್ಷ ದಾಟಿ ಹೋಗುತ್ತದೆ. ರಾತ್ರಿ ಪಾಳಿಯ ಟ್ಯಾಕ್ಸಿ ತಿಂಗಳಿಗೆ 125 ಗಂಟೆ ಉರಿಸಿದರೆ ಅದೇ ಬಲ್ಬ್ ಎರಡು ತಿಂಗಳೂ ತುಂಬುವುದಿಲ್ಲ. ಬಲ್ಬ್ ಬದಲಿಸಿದ ದಿನಾಂಕವನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ‘ಬೇಗ ಹೋಯಿತು’ ಅನ್ನುವ ದೂರುಗಳಲ್ಲಿ ಎಷ್ಟೋ ಈ ಲೆಕ್ಕದಲ್ಲೇ ತೀರುತ್ತವೆ.

ಪ್ಯಾಕೆಟ್ ಮೇಲೆ +130% ಅಂತಿದೆ. ಅಂದ್ರೆ ಬೆಳಕು ಎರಡು ಪಟ್ಟಿಗಿಂತ ಜಾಸ್ತಿ ಆಗ್ಬೇಕಲ್ವಾ?

ಆಗುವುದಿಲ್ಲ, ಆಗಲು ನಿಯಮವೇ ಬಿಡುವುದಿಲ್ಲ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 37ನೇ ನಿಯಮದ ಪ್ರಕಾರ 12 ವೋಲ್ಟಿನ ಎಚ್4 ಬಲ್ಬ್ 13.2 ವೋಲ್ಟ್‌ನಲ್ಲಿ ಲೋ ಬೀಮ್‌ಗೆ 1,000 ಲುಮೆನ್ (ಬಲ್ಬ್ ಕೊಡುವ ಒಟ್ಟು ಬೆಳಕಿನ ಅಳತೆ), ಹೈ ಬೀಮ್‌ಗೆ 1,650 ಲುಮೆನ್ ಕೊಡಬೇಕು. ಶೇ. 15ರಷ್ಟು ಮಾತ್ರ ಆಚೀಚೆ ಆಗಬಹುದು. ಎಚ್7ಗೆ 1,500 ಲುಮೆನ್, ಆಚೀಚೆ ಶೇ. 10. ಅಂದರೆ ಎಷ್ಟೇ ದುಬಾರಿಯದಾದರೂ ನಿಯಮಬದ್ಧ ಎಚ್4ನ ಲೋ ಬೀಮ್ 1,150 ಲುಮೆನ್ ದಾಟುವಂತಿಲ್ಲ.

ಹಾಗಾದರೆ ಆ 130 ಎಲ್ಲಿಂದ ಬಂತು? ಫಿಲಮೆಂಟನ್ನು ತೆಳು ತಂತಿಯಿಂದ ಒತ್ತೊತ್ತಾಗಿ, ಚಿಕ್ಕದಾಗಿ ಸುತ್ತುತ್ತಾರೆ. ಬೆಳಕಿನ ಮೂಲ ಚಿಕ್ಕದಾದಷ್ಟೂ ಹೆಡ್‌ಲೈಟಿನೊಳಗಿನ ಕನ್ನಡಿಯಂಥ ರಿಫ್ಲೆಕ್ಟರ್ ಅದನ್ನು ಹದವಾಗಿ ಒಂದೆಡೆ ಕೂಡಿಸುತ್ತದೆ. ಗಾಡಿಯ ಮುಂದೆ 50ರಿಂದ 100 ಮೀಟರ್ ದೂರದ ಕೆಲವು ಬಿಂದುಗಳಲ್ಲಿ ಬೆಳಕು ಏರುತ್ತದೆ. ಆ ಬಿಂದುವಿನ ಬೆಳಕನ್ನು ಮಾರುಕಟ್ಟೆಯ ಸಾಧಾರಣ ಬಲ್ಬಿಗೆ ಹೋಲಿಸದೆ, ಕಾನೂನು ಕೇಳುವ ಕನಿಷ್ಠಕ್ಕೆ ಹೋಲಿಸಿ ಶೇಕಡಾ ಲೆಕ್ಕ ಹಾಕುತ್ತಾರೆ. ದೂರದ ಹಂಪ್, ದನ, ಮುರಿದ ರಸ್ತೆಯಂಚು ಸ್ವಲ್ಪ ಮುಂಚೆ ಕಾಣುವುದು ನಿಜವಾದ ಲಾಭ, ಅದನ್ನು ಅಲ್ಲಗಳೆಯುವಂತಿಲ್ಲ. ಆವಿಯಾಗುವುದನ್ನು ತಡೆಯಲು ಗಾಜಿನೊಳಗೆ ಹೆಚ್ಚು ಒತ್ತಡದಲ್ಲಿ ಜೆನಾನ್ ಅನಿಲವನ್ನೂ ತುಂಬುತ್ತಾರೆ. ಆದರೂ ತೆಳು ತಂತಿ ತೆಳು ತಂತಿಯೇ, ಶಾಖಕ್ಕೂ ಕುಲುಕಾಟಕ್ಕೂ ಬೇಗ ಸೋಲುತ್ತದೆ.

ನೀಲಿ ಲೇಪ ಇರೋ ‘ಕ್ರಿಸ್ಟಲ್ ವೈಟ್’ ಬಲ್ಬ್ ಜಾಸ್ತಿ ಬೆಳಕು ಕೊಡುತ್ತಲ್ವಾ?

ಇಲ್ಲ. ಇದು ಇಡೀ ಅಂಗಡಿಯಲ್ಲಿ ಅತ್ಯಂತ ನಷ್ಟದ ವ್ಯಾಪಾರ. ನೀಲಿ ಲೇಪ ಹಳದಿ, ಕೆಂಪು ಬೆಳಕನ್ನು ಹೀರಿಕೊಂಡು ಬಿಳಿಯಂತೆ ಕಾಣಿಸುತ್ತದೆ. ಹೀರಿದ್ದು ನಿಮ್ಮ ರಸ್ತೆಗೆ ಬೀಳಬೇಕಿದ್ದ ಬೆಳಕನ್ನೇ. ಆ ಕೊರತೆ ತುಂಬಲು ಫಿಲಮೆಂಟನ್ನು ಇನ್ನಷ್ಟು ಕಾಯಿಸಬೇಕು, ಹಾಗಾಗಿ ಬಾಳಿಕೆಯೂ ಹೋಯಿತು. ಕಡಿಮೆ ಬೆಳಕು, ಕಡಿಮೆ ಆಯುಷ್ಯ, ಎರಡಕ್ಕೂ ಹೆಚ್ಚು ಬೆಲೆ. ಗಾಜಿನ ಸುತ್ತ ತೆಳ್ಳನೆಯ ನೀಲಿ ಪಟ್ಟಿ ಮಾತ್ರ ಇದ್ದು ನಡುವೆ ಪಾರದರ್ಶಕವಾಗಿದ್ದರೆ ಅಷ್ಟು ತೊಂದರೆಯಿಲ್ಲ. ಇಡೀ ಗಾಜು ನೀಲಿಯಾಗಿದ್ದರೆ ಬೇಡ.

## ತೊಂದರೆ ಬಲ್ಬಿನದಲ್ಲ, ಗಾಡಿಯದು

ಹೊಸ ಬಲ್ಬ್ ಹಾಕಿದ್ರೂ ಬೆಳಕು ಮಂಕು. ಇನ್ನೂ ಪವರ್‌ಫುಲ್ ಬಲ್ಬ್ ತರ್ಲಾ?

ಈಗಲೇ ಬೇಡ. ಮೊದಲು ಮಲ್ಟಿಮೀಟರ್ ತನ್ನಿ. ಏಳೆಂಟು ವರ್ಷದ ಗಾಡಿಯಲ್ಲಿ ಬ್ಯಾಟರಿಯಿಂದ ಹೊರಟ ವೋಲ್ಟೇಜ್ ಸ್ವಿಚ್, ಸಣ್ಣ ವೈರ್, ತುಕ್ಕು ಹಿಡಿದ ಅರ್ಥ್ (ನೆಗೆಟಿವ್ ಕಡೆಯ ಜೋಡಣೆ) ದಾಟಿ ಬಲ್ಬಿಗೆ ಬರುವಷ್ಟರಲ್ಲಿ ಒಂದು ವೋಲ್ಟ್‌ಗಿಂತ ಹೆಚ್ಚು ಕರಗಿರುವುದು ಮಾಮೂಲು. ಆಗ ಬಲ್ಬ್ ಬಹಳ ವರ್ಷ ಬರುತ್ತದೆ, ಬೆಳಕು ಮಾತ್ರ ಇರುವುದಿಲ್ಲ. ‘ನಮ್ಮ ಗಾಡಿಯಲ್ಲಿ ಬಲ್ಬ್ ಹೋಗೋದೇ ಇಲ್ಲ’ ಎಂದು ಹೇಳುವವರು ಇದನ್ನು ಒಮ್ಮೆ ನೋಡಲೇಬೇಕು.

ಅಳೆಯುವುದು ಹೀಗೆ. ಎಂಜಿನ್ ಚಾಲೂ ಮಾಡಿ, ಯಾರಿಗಾದರೂ ಆಕ್ಸಿಲರೇಟರ್ ಒತ್ತಿ 2,000 ಆರ್‌ಪಿಎಂನಲ್ಲಿ ಹಿಡಿಯಲು ಹೇಳಿ. ಎಸಿ ಆಫ್, ಲೋ ಬೀಮ್ ಆನ್. ಬ್ಯಾಟರಿ ಟರ್ಮಿನಲ್‌ಗಳ ಮೇಲೆ ಓದಿದ್ದನ್ನು ಬರೆದುಕೊಳ್ಳಿ, 13.8ರಿಂದ 14.5 ಇರಬೇಕು. ಬಳಿಕ ಬಲ್ಬಿನ ಕಪ್ಲರ್ (ವೈರ್ ಸೇರುವ ಪ್ಲಗ್) ಬಿಚ್ಚದೆ, ಅದರ ಹಿಂಬದಿಯಿಂದ ಪ್ರೋಬ್ ತೂರಿಸಿ ಲೋ ಬೀಮ್ ಪಿನ್ ಮತ್ತು ಅರ್ಥ್ ಪಿನ್ ನಡುವೆ ಓದಿ. ಕಪ್ಲರ್ ಬಿಚ್ಚಿ ಅಳೆದರೆ ಕರೆಂಟ್ ಹರಿಯದೆ ಪೂರ್ತಿ ವೋಲ್ಟೇಜ್ ತೋರಿಸಿ ದಾರಿ ತಪ್ಪಿಸುತ್ತದೆ. ಎರಡು ಓದುಗಳ ವ್ಯತ್ಯಾಸ ಅರ್ಧ ವೋಲ್ಟ್‌ನೊಳಗಿದ್ದರೆ ವೈರಿಂಗ್ ಸರಿಯಿದೆ. ಒಂದು ವೋಲ್ಟ್ ದಾಟಿದರೆ ಬಲ್ಬ್ ಬದಲಿಸಿ ಪ್ರಯೋಜನವಿಲ್ಲ.

ನಷ್ಟ ಎಲ್ಲಿ ಎಂದು ಹುಡುಕಲು ಮೀಟರಿನ ಒಂದು ಪ್ರೋಬನ್ನು ಬ್ಯಾಟರಿ ನೆಗೆಟಿವ್‌ಗೂ ಇನ್ನೊಂದನ್ನು ಬಲ್ಬಿನ ಅರ್ಥ್ ಪಿನ್ನಿಗೂ ಇಡಿ. 0.2 ವೋಲ್ಟ್‌ಗಿಂತ ಹೆಚ್ಚಿದ್ದರೆ ಅರ್ಥ್ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿ ಮಾಡಿ. ಕರಾವಳಿಯ ಗಾಡಿಗಳಲ್ಲಿ ಇಷ್ಟರಿಂದಲೇ ಬೆಳಕು ವಾಪಸ್ ಬಂದದ್ದುಂಟು. ಅಲ್ಲಿ ಸರಿಯಿದ್ದರೆ ನಷ್ಟ ಪಾಸಿಟಿವ್ ಕಡೆಯದು: ಫ್ಯೂಸ್ ಕಾಲು, ಕಾಂಬಿನೇಷನ್ ಸ್ವಿಚ್, ಸಡಿಲವಾದ ಕಪ್ಲರ್. ಒಂದು ಎಚ್ಚರಿಕೆ, ಕೆಲವು ಜಪಾನೀ ವಿನ್ಯಾಸದ ಗಾಡಿಗಳಲ್ಲಿ ಸ್ವಿಚ್ ಅರ್ಥ್ ಕಡೆಗೇ ಇರುತ್ತದೆ. ಅಲ್ಲಿ ನೆಗೆಟಿವ್ ಕಡೆ ಓದು ಸಹಜವಾಗಿಯೇ ಸ್ವಲ್ಪ ಹೆಚ್ಚು.

ಎಡಗಡೆ ಬಲ್ಬ್ ಮಾತ್ರ ಮತ್ತೆ ಮತ್ತೆ ಹೋಗ್ತಿದೆ. ಯಾಕೆ?

ಸತ್ತ ಬಲ್ಬನ್ನು ಎಸೆಯುವ ಮುಂಚೆ ಬೆಳಕಿಗೆ ಹಿಡಿದು ನೋಡಿ, ಕಾರಣ ಅದರಲ್ಲೇ ಕಾಣುತ್ತದೆ.

ಗಾಜಿನೊಳಗೆ ಬಿಳಿ ಅಥವಾ ಹಳದಿ ಪುಡಿ ಇದ್ದರೆ ಒಳಗೆ ಗಾಳಿ ಹೋಗಿದೆ, ಗಾಜು ಎಲ್ಲೋ ಸೀಳಿದೆ. ಹೆಡ್‌ಲೈಟ್ ಒಳಗೆ ನೀರು ಬಂದು ಬಿಸಿ ಗಾಜಿನ ಮೇಲೆ ಹನಿ ಬಿದ್ದರೆ ಹೀಗಾಗುತ್ತದೆ. ಹಿಂಬದಿಯ ರಬ್ಬರ್ ಬೂಟ್ (ಮುಚ್ಚಳ) ಹರಿದಿದೆಯೇ ನೋಡಿ. ಗಾಜು ಒಂದು ಕಡೆ ಉಬ್ಬಿದ್ದರೆ ಅಲ್ಲಿ ಕೈ ಅಥವಾ ಗ್ರೀಸ್ ತಾಗಿತ್ತು. ಗಾಜು ಸ್ವಚ್ಛವಿದ್ದು ತುಂಡಾದ ತಂತಿಯ ತುದಿಯಲ್ಲಿ ಕರಗಿದ ಸಣ್ಣ ಗುಂಡು ಇದ್ದರೆ ಅದು ಆಯುಷ್ಯ ತೀರಿ ಹೋದ ಬಲ್ಬ್. ಗುಂಡು ಇಲ್ಲದೆ ಚೂಪಾಗಿ ಮುರಿದಿದ್ದರೆ ಕುಲುಕಾಟ ಕಾರಣ.

ಒಂದೇ ಕಡೆ ಮತ್ತೆ ಮತ್ತೆ ಆಗುವಾಗ ಹೆಚ್ಚಾಗಿ ಸಿಗುವುದು ಈ ಕೊನೆಯದು. ಬಲ್ಬನ್ನು ಹಿಡಿಯುವ ಸ್ಪ್ರಿಂಗ್ ಕ್ಲಿಪ್ ಬಾಗಿರುತ್ತದೆ, ಅಥವಾ ಎಚ್4ನ ಬುಡದ ಮೂರು ಕಿವಿಗಳು ಹೆಡ್‌ಲೈಟಿನ ಕಚ್ಚುಗಳಲ್ಲಿ ಸರಿಯಾಗಿ ಕೂತಿರುವುದಿಲ್ಲ. ಹಿಂದೊಮ್ಮೆ ಗುದ್ದಿದ್ದ ಗಾಡಿಯಾದರೆ ಹೆಡ್‌ಲೈಟಿನ ಪ್ಲಾಸ್ಟಿಕ್ ಕಾಲೇ ಮುರಿದಿರಬಹುದು. ಲ್ಯಾಂಪನ್ನು ಕೈಯಿಂದ ಅಲುಗಾಡಿಸಿ ನೋಡಿ.

ಎರಡೂ ಬಲ್ಬ್ ಒಂದೇ ವಾರದಲ್ಲಿ ಹೋದವು. ಇದು ಕಾಕತಾಳೀಯನಾ?

ಎರಡನ್ನೂ ಒಂದೇ ದಿನ ಹಾಕಿಸಿ ವರ್ಷಗಳಾಗಿದ್ದರೆ ಸಹಜ, ಎರಡೂ ಒಂದೇ ವಯಸ್ಸಿನವು. ಹಾಕಿ ಕೆಲವೇ ತಿಂಗಳಾಗಿದ್ದರೆ ಆಲ್ಟರ್ನೇಟರ್ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ಭಾಗ) ಮೇಲೆ ಅನುಮಾನ ಪಡಿ. ಎಂಜಿನ್ ಬಿಸಿಯಾದ ಮೇಲೆಯೂ ಬ್ಯಾಟರಿಯಲ್ಲಿ 14.8 ವೋಲ್ಟ್ ದಾಟುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಇಲ್ಲದಿದ್ದರೆ ಬಲ್ಬ್ ಜೊತೆಗೆ ಬ್ಯಾಟರಿಯೂ ಹಾಳಾಗುತ್ತದೆ.

ಗಾಜಿಗೆ ಕೈ ತಾಗಿದ್ರೆ ನಿಜವಾಗ್ಲೂ ಬಲ್ಬ್ ಹೋಗುತ್ತಾ?

ಹೌದು, ಆದರೆ ತಕ್ಷಣ ಅಲ್ಲ. ಬೆವರಿನ ಉಪ್ಪು, ಎಣ್ಣೆ ಆ ಶಾಖದಲ್ಲಿ ಕ್ವಾರ್ಟ್ಜ್ ಗಾಜನ್ನು ಮಂಕಾಗಿಸಿ ದುರ್ಬಲಗೊಳಿಸುತ್ತವೆ. ತಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಸ್ವಚ್ಛ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಪೆಟ್ರೋಲ್‌ನಿಂದ ಒರೆಸಬೇಡಿ, ಜಿಡ್ಡು ಉಳಿಯುತ್ತದೆ.

## ಹೆಚ್ಚು ಬೆಳಕು ಬೇಕೇ ಬೇಕು ಅಂದಾಗ

ಬೆಂಗಳೂರಿನ ಜೆ.ಸಿ. ರೋಡಲ್ಲಿ 100/90 ವ್ಯಾಟ್ ಬಲ್ಬ್ ಅಗ್ಗಕ್ಕೆ ಸಿಗುತ್ತೆ. ಸುಮ್ನೆ ಅದನ್ನೇ ಹಾಕಿಸಿಬಿಡ್ಲಾ?

ಬೇಡ. ಸಿಗುತ್ತದೆ ಎಂದ ಮಾತ್ರಕ್ಕೆ ರಸ್ತೆಗೆ ತಕ್ಕದ್ದಲ್ಲ. 60/55 ವ್ಯಾಟ್ (ಹೈ ಬೀಮ್‌ಗೆ 60, ಲೋ ಬೀಮ್‌ಗೆ 55) ಎಚ್4 ಲೋ ಬೀಮ್‌ನಲ್ಲಿ ಸುಮಾರು 5 ಆಂಪಿಯರ್ ಎಳೆಯುತ್ತದೆ. 90 ವ್ಯಾಟಿನದು 7 ದಾಟುತ್ತದೆ. ಕಂಪನಿಯ ವೈರ್, ಸ್ವಿಚ್, ಕಪ್ಲರ್ ಇಷ್ಟನ್ನು ಹೊರಲು ಮಾಡಿದ್ದಲ್ಲ. ಮೊದಲು ಕಪ್ಲರ್ ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕರಗುತ್ತದೆ. ಶಾಖಕ್ಕೆ ರಿಫ್ಲೆಕ್ಟರಿನ ಹೊಳಪು ಸುಟ್ಟು ಬೂದಿಬಣ್ಣವಾಗುತ್ತದೆ. ಅಲ್ಲಿಗೆ ಬಲ್ಬಿನ ಪ್ರಶ್ನೆ ಮುಗಿದು ಇಡೀ ಹೆಡ್‌ಲೈಟ್ ಬದಲಿಸುವ ಪ್ರಶ್ನೆ ಶುರು. ಹೆಚ್ಚಿದ ಕರೆಂಟಿನಿಂದ ಸಣ್ಣ ವೈರಿನಲ್ಲಿ ವೋಲ್ಟೇಜ್ ನಷ್ಟವೂ ಹೆಚ್ಚುವುದರಿಂದ, ಕೊಟ್ಟ ವ್ಯಾಟ್ ಎಲ್ಲ ಬೆಳಕಾಗುವುದೂ ಇಲ್ಲ.

ಎದುರಿನವರ ಕಣ್ಣಿನ ವಿಷಯವಂತೂ ಇನ್ನೂ ಗಂಭೀರ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದಂತೆ, ದೀಪದಿಂದ 8 ಮೀಟರ್ ದೂರದಲ್ಲಿ 1.5 ಮೀಟರ್ ಎತ್ತರಕ್ಕೆ ಕಣ್ಣಿರುವ ವ್ಯಕ್ತಿಗೆ ಬೆಳಕು ಕುಕ್ಕಬಾರದು. ಎರಡೇ ಪಥದ ರಸ್ತೆಯಲ್ಲಿ ಎದುರು ಬರುವ ಬೈಕಿನವನು ಎರಡು ಸೆಕೆಂಡ್ ಕುರುಡಾದರೂ ಸಾಕು, ಅವನು ಬಂದು ಬೀಳುವುದು ನಿಮ್ಮ ಗಾಡಿಯ ಮುಂದೆಯೇ.

ರಿಲೇ ಕಿಟ್ ಹಾಕಿಸಿದ್ರೆ ಬಲ್ಬ್ ಬೇಗ ಹೋಗುತ್ತೆ ಅಂತಾರೆ. ನಿಜಾನಾ?

ಮೊದಲಿಗಿಂತ ಬೇಗ ಹೋಗುತ್ತದೆ, ನಿಜ. ರಿಲೇ ಅಂದರೆ ಹೆಡ್‌ಲೈಟ್ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬ್ಯಾಟರಿಯ ಕರೆಂಟನ್ನು ನೇರ ಬಲ್ಬಿಗೆ ಬಿಡುವ ಸ್ವಿಚ್. ಇಷ್ಟು ದಿನ ಹಸಿದಿದ್ದ ಬಲ್ಬಿಗೆ ಈಗ ಪೂರ್ತಿ ವೋಲ್ಟೇಜ್ ಸಿಗುತ್ತಿದೆ. ನಮ್ಮ ಅಭಿಪ್ರಾಯದಲ್ಲಿ ಇದು ಒಪ್ಪಿಕೊಳ್ಳಬೇಕಾದ ವ್ಯಾಪಾರ: ಹಳೆಯ ಗಾಡಿಯಲ್ಲಿ ರಿಲೇ ಜೊತೆ ಸಾಧಾರಣ 60/55 ಬಲ್ಬ್ ಹಾಕಿದರೆ, ರಿಲೇ ಇಲ್ಲದ ದುಬಾರಿ ಬಲ್ಬಿಗಿಂತ ರಸ್ತೆ ಚೆನ್ನಾಗಿ ಕಾಣುತ್ತದೆ.

ಬೇಕಾದದ್ದು 30 ಆಂಪಿಯರಿನ ಎರಡು ರಿಲೇ, 2.5 ಚದರ ಮಿ.ಮೀ. ತಾಮ್ರದ ವೈರ್, ಎರಡು ಸೆರಾಮಿಕ್ ಹೋಲ್ಡರ್, 15 ಅಥವಾ 20 ಆಂಪಿಯರಿನ ಫ್ಯೂಸ್‌ಗಳು. ಬ್ಯಾಟರಿ ಪಾಸಿಟಿವ್‌ನಿಂದ ಫ್ಯೂಸ್ ಮೂಲಕ ರಿಲೇಯ 30ನೇ ಪಿನ್ನಿಗೆ, 87ರಿಂದ ಬಲ್ಬಿಗೆ. ಹಳೆಯ ಕಪ್ಲರ್ ಈಗ 85, 86 ಪಿನ್ನುಗಳಿಗೆ ಸಿಗ್ನಲ್ ಮಾತ್ರ ಕೊಡುತ್ತದೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ, ಅದರ ಹಿಂದಿನ ವೈರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಅರ್ಥ್‌ಗೂ ಅಷ್ಟೇ ದಪ್ಪದ ವೈರ್ ಹಾಕಿ. ಪಾಸಿಟಿವ್‌ಗೆ ದಪ್ಪ, ಅರ್ಥ್‌ಗೆ ಸಣ್ಣ ವೈರ್ ಹಾಕಿ ಕೆಲಸ ಕೆಡಿಸುವುದು ಬಹಳ. ಬಲ್ಬ್ ಹೋದದ್ದನ್ನು ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ, ಲೈಟನ್ನು ಕಂಪ್ಯೂಟರ್ ನಿಯಂತ್ರಿಸುವ ಹೊಸ ಕಾರುಗಳಿಗೆ ಈ ಕಿಟ್ ಬೇಡ, ಅಲ್ಲಿ ಅದರ ಅಗತ್ಯವೂ ಇಲ್ಲ.

ಬಲ್ಬ್, ವೈರಿಂಗ್ ಎಲ್ಲಾ ಸರಿ ಇದೆ. ಆದ್ರೂ ರಸ್ತೆ ಕಾಣಲ್ಲ.

ಲೆನ್ಸ್ ನೋಡಿ. ಹಳದಿಗಟ್ಟಿದ ಪಾಲಿಕಾರ್ಬೊನೇಟ್ (ಲೆನ್ಸಿನ ಪ್ಲಾಸ್ಟಿಕ್) ಬೆಳಕನ್ನು ತಡೆಯುವುದಷ್ಟೇ ಅಲ್ಲ, ಮೇಲಕ್ಕೆ ಚೆದುರಿಸುತ್ತದೆ. 1000, 1500, 2000, 3000 ನಂಬರಿನ ವಾಟರ್ ಪೇಪರಿನಿಂದ ಕ್ರಮವಾಗಿ ನೀರು ಹಾಕುತ್ತ ಉಜ್ಜಿ, ಕಾಂಪೌಂಡ್ ಹಾಕಿ ಪಾಲಿಶ್ ಮಾಡಿ. ಕೊನೆಗೆ ಯುವಿ ಕ್ಲಿಯರ್ ಕೋಟ್ ಹೊಡೆಯದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟಿನ ಉಪಾಯ ಹೊಳಪು ತರುತ್ತದೆ, ಉಳಿಸುವುದಿಲ್ಲ.

ಬಳಿಕ ಬೀಮಿನ ಎತ್ತರ. ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಬೀಮಿನ ಎತ್ತರ ಬದಲಿಸುವ ಲೆವೆಲಿಂಗ್ ಗುಂಡಿ ಸೊನ್ನೆಯಲ್ಲಿಟ್ಟು, ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ. ಬಲ್ಬಿನ ನಡುಮಟ್ಟವನ್ನು ಗೋಡೆಯ ಮೇಲೆ ಗುರುತು ಹಾಕಿ. ಲೋ ಬೀಮಿನ ಮೇಲಂಚು ಆ ಗುರುತಿಗಿಂತ ಸುಮಾರು 5 ಸೆಂ.ಮೀ. (ದೂರದ ಶೇ. 1) ಕೆಳಗಿರಬೇಕು, ಎಡಕ್ಕೆ ಮಾತ್ರ ಮೇಲೇರಬೇಕು. ಹೆಡ್‌ಲೈಟಿನ ಮೇಲೆ ಬೇರೆ ಶೇಕಡಾ ನಮೂದಿಸಿದ್ದರೆ ಅದನ್ನೇ ಅನುಸರಿಸಿ. ಇದಕ್ಕೆ ಬಲ್ಬಿನ ಆಯುಷ್ಯದಲ್ಲಿ ಒಂದು ಗಂಟೆಯನ್ನೂ ತೆರಬೇಕಿಲ್ಲ.

ಆಗುಂಬೆ, ಚಾರ್ಮಾಡಿ ಕಡೆ ಮಂಜಲ್ಲಿ ಏನೂ ಕಾಣಲ್ಲ. ಜಾಸ್ತಿ ಬೆಳಕಿನ ಬಲ್ಬ್ ಸಹಾಯ ಮಾಡುತ್ತಾ?

ಮಾಡುವುದಿಲ್ಲ. ಮಂಜಿನ ಹನಿಗಳು ಬೆಳಕನ್ನು ನಿಮ್ಮ ಕಣ್ಣಿಗೇ ಹಿಂತಿರುಗಿಸುತ್ತವೆ. ಹೆಚ್ಚು ಬೆಳಕು ಅಂದರೆ ಮುಂದೆ ಇನ್ನಷ್ಟು ದಪ್ಪ ಬಿಳಿ ಗೋಡೆ. ಲೋ ಬೀಮ್ ಮತ್ತು ಬಂಪರಿನ ಕೆಳಗಿರುವ ಫಾಗ್ ಲ್ಯಾಂಪ್ ಬಳಸಿ, ವೇಗ ಇಳಿಸಿ, ರಸ್ತೆಯ ಎಡ ಅಂಚು ಹಿಡಿದು ಹೋಗಿ.

ಹಾಗಾದ್ರೆ ನನಗೆ ಯಾವ ಬಲ್ಬ್ ಸರಿ?

ಬೀದಿದೀಪವಿರುವ ಊರೊಳಗೇ ಹೆಚ್ಚು ಓಡಿಸುವವರಿಗೆ, ಟ್ಯಾಕ್ಸಿಯವರಿಗೆ ಲಾಂಗ್ ಲೈಫ್. ಅದರಲ್ಲಿ ತಂತಿ ಸ್ವಲ್ಪ ತಣ್ಣಗೆ ಉರಿಯುತ್ತದೆ, ಬೆಳಕು ತುಸು ಕಡಿಮೆ. ಬಂಪರ್ ಬಿಚ್ಚದೆ ಬಲ್ಬ್ ಬದಲಿಸಲಾಗದ ಕಾರಿಗೂ ಇದೇ ಬುದ್ಧಿವಂತಿಕೆ. ವಾರಕ್ಕೊಮ್ಮೆ ಕತ್ತಲ ಹೆದ್ದಾರಿಯಲ್ಲಿ ಊರಿಗೆ ಹೋಗುವವರಿಗೆ ಹೆಚ್ಚು ಬೆಳಕಿನ ಬಲ್ಬ್ ಹಣಕ್ಕೆ ತಕ್ಕದ್ದು, ಡಿಕ್ಕಿಯಲ್ಲಿ ಒಂದು ಜೊತೆ ಹೆಚ್ಚುವರಿ ಇಟ್ಟುಕೊಳ್ಳಿ. ಕಚ್ಚಾ ರಸ್ತೆ, ತೋಟದ ದಾರಿಯಲ್ಲೇ ದಿನವೂ ಓಡಾಟವಿದ್ದರೆ ತೆಳು ಫಿಲಮೆಂಟ್ ತಾಳುವುದಿಲ್ಲ, ಸಾಧಾರಣವೇ ಸಾಕು. ಯಾವುದಾದರೂ ಜೊತೆಯಾಗಿ ಬದಲಿಸಿ. ಒಂದು ಹೋದಾಗ ಇನ್ನೊಂದರ ಆಯುಷ್ಯವೂ ಬಹುಪಾಲು ಮುಗಿದಿರುತ್ತದೆ.

## ಇನ್ನೂ ಆಳಕ್ಕೆ

ವೋಲ್ಟೇಜ್ ಸ್ವಲ್ಪ ಏರಿದ್ರೆ ಆಯುಷ್ಯ ನಿಖರವಾಗಿ ಎಷ್ಟು ಇಳಿಯುತ್ತೆ?

ಎಂಜಿನಿಯರುಗಳು ಬಳಸುವ ಅಂದಾಜು ಸೂತ್ರ ಹೀಗಿದೆ: ಬೆಳಕು ವೋಲ್ಟೇಜ್ ಅನುಪಾತದ 3.4ನೇ ಘಾತದಷ್ಟು ಏರುತ್ತದೆ, ಆಯುಷ್ಯ ಸುಮಾರು 13ನೇ ಘಾತದಷ್ಟು ಇಳಿಯುತ್ತದೆ. 13.2 ವೋಲ್ಟನ್ನು ಆಧಾರವಾಗಿಟ್ಟರೆ:

| ಬಲ್ಬಿನಲ್ಲಿ ವೋಲ್ಟ್ | ಬೆಳಕು | ಆಯುಷ್ಯ |
|---|---|---|
| 12.0 | ಶೇ. 72 | ಸುಮಾರು ಮೂರೂವರೆ ಪಟ್ಟು |
| 12.5 | ಶೇ. 83 | ಎರಡು ಪಟ್ಟು |
| 13.2 | ಶೇ. 100 | ಆಧಾರ |
| 13.8 | ಶೇ. 116 | ಅರ್ಧಕ್ಕಿಂತ ತುಸು ಹೆಚ್ಚು |
| 14.4 | ಶೇ. 134 | ಮೂರನೇ ಒಂದು ಭಾಗ |

ಪ್ಯಾಕೆಟ್ಟಿನ ಗಂಟೆಗಳನ್ನು ಸಾಮಾನ್ಯವಾಗಿ 13.2 ವೋಲ್ಟ್‌ನಲ್ಲಿ, ಕುಲುಕಾಟವಿಲ್ಲದೆ ಅಳೆದಿರುತ್ತಾರೆ. ನಿಮ್ಮ ಬಲ್ಬಿಗೆ 13.8 ಸಿಗುತ್ತಿದ್ದರೆ 200 ಗಂಟೆಯ ಬಲ್ಬ್ 110 ಗಂಟೆಗೆ ಹೋದರೆ ಅಚ್ಚರಿಪಡಬೇಕಿಲ್ಲ.

ಸಿಗ್ನಲ್‌ನಲ್ಲಿ ಲೈಟ್ ಆಫ್ ಮಾಡಿದ್ರೆ ಆಯುಷ್ಯ ಉಳಿಯುತ್ತಾ, ಹೋಗುತ್ತಾ?

ಲೆಕ್ಕಕ್ಕೆ ಬರುವಷ್ಟು ಎರಡೂ ಇಲ್ಲ. ತಣ್ಣನೆಯ ಟಂಗ್‌ಸ್ಟನ್ನಿನ ರೆಸಿಸ್ಟೆನ್ಸ್ ಕಾದಾಗಿನದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ, ಹಾಗಾಗಿ ಹಾಕಿದ ಕ್ಷಣ ಕರೆಂಟ್ ಜೋರಾಗಿ ನುಗ್ಗುತ್ತದೆ. ಗಟ್ಟಿ ಫಿಲಮೆಂಟ್ ತಾಳಿಕೊಳ್ಳುತ್ತದೆ, ಸವೆದದ್ದು ಆ ಕ್ಷಣಕ್ಕೆ ಮುರಿಯುತ್ತದೆ. ರಾತ್ರಿ ಸಿಗ್ನಲ್‌ನಲ್ಲಿ ಹೆಡ್‌ಲೈಟ್ ಆರಿಸಿ ಮತ್ತೆ ಹಾಕಲು ಮರೆಯುವ ಅಪಾಯವೇ ದೊಡ್ಡದು.

ಬೈಕಿನ 35 ವ್ಯಾಟ್ ಬಲ್ಬ್ ಜಾಗಕ್ಕೆ ಕಾರಿನ ಎಚ್4 ಕೂರಿಸಬಹುದಾ?

35/35 ವ್ಯಾಟಿನ ಎಚ್‌ಎಸ್1 ನೋಡಲು ಎಚ್4ನಂತೆಯೇ ಇದ್ದರೂ ಬುಡದ ಕಿವಿಗಳು ಬೇರೆ. ಕಿವಿ ಉಜ್ಜಿ ಕೂರಿಸಿದರೆ ಫಿಲಮೆಂಟ್ ಜಾಗ ತಪ್ಪಿ ಬೀಮ್ ಕೆಡುತ್ತದೆ, ಹೋಲ್ಡರ್ ಕರಗುತ್ತದೆ, ಚಾರ್ಜಿಂಗ್ ಸಾಲದೆ ಬ್ಯಾಟರಿ ಇಳಿಯುತ್ತದೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರಗಳಲ್ಲಿ ಹೆಡ್‌ಲೈಟ್ ಸದಾ ಉರಿಯುವುದರಿಂದ ಅಲ್ಲಿ ಗಂಟೆಗಳು ಬೇಗ ತುಂಬುತ್ತವೆ. ಬಾಳಿಕೆಯ ಬಲ್ಬೇ ಅಲ್ಲಿ ಸರಿ.

ಲಾರಿಯ 24 ವೋಲ್ಟ್ ಬಲ್ಬ್ ಯಾಕೆ ಅಷ್ಟು ಬೇಗ ಹೋಗುತ್ತೆ?

24 ವೋಲ್ಟಿನ ಎಚ್4, 75/70 ವ್ಯಾಟಿನದು. ವೋಲ್ಟೇಜ್ ಎರಡು ಪಟ್ಟಾದಾಗ ಕರೆಂಟ್ ಇಳಿಯುವುದರಿಂದ ತಂತಿ ತೆಳುವಾಗಿಯೂ ಉದ್ದವಾಗಿಯೂ ಇರಬೇಕಾಗುತ್ತದೆ. ಮೇಲೆ ಲಾರಿಯ ಕುಲುಕಾಟ ಬೇರೆ. ಕುಲುಕಾಟ ತಾಳಲೆಂದೇ ಮಾಡಿದ ‘ಹೆವಿ ಡ್ಯೂಟಿ’ ಬಗೆ ಕೇಳಿ ತನ್ನಿ.

ಎಲ್‌ಇಡಿ ಬಲ್ಬ್ ಹಾಕಿದ್ರೆ ಬೆಳಕೂ ಸಿಗುತ್ತೆ, ಬಾಳಿಕೆನೂ ಸಿಗುತ್ತಲ್ಲ. ಇಷ್ಟೆಲ್ಲಾ ತಲೆನೋವು ಯಾಕೆ?

ಕಂಪನಿಯೇ ಎಲ್‌ಇಡಿಗೆಂದು ವಿನ್ಯಾಸ ಮಾಡಿದ ಹೆಡ್‌ಲೈಟಿಗೆ ಆ ಮಾತು ಸರಿ. ಹ್ಯಾಲೊಜೆನ್ ರಿಫ್ಲೆಕ್ಟರಿಗೆ ತುರುಕಿದ ಎಲ್‌ಇಡಿಗೆ ಅಲ್ಲ. ರಿಫ್ಲೆಕ್ಟರಿನ ಒಂದೊಂದು ಬಾಗೂ ಕೆಲವು ಮಿ.ಮೀ. ಉದ್ದದ ಫಿಲಮೆಂಟ್ ಎಲ್ಲಿರುತ್ತದೆ ಎಂಬ ಲೆಕ್ಕದ ಮೇಲೆ ನಿಂತಿದೆ. ಎಲ್‌ಇಡಿ ಚಿಪ್‌ಗಳು ಎರಡು ಮಗ್ಗುಲಲ್ಲಿ ಕೂತಿರುತ್ತವೆ. ಗಾಡಿಯ ಹತ್ತಿರ ನೆಲವೆಲ್ಲ ಬೆಳ್ಳಗಾಗಿ, ದೂರಕ್ಕೆ ಬೇಕಾದಷ್ಟು ಹೋಗದೆ, ಮೇಲಂಚು ಕಲಸಿ ಎದುರಿನವರ ಕಣ್ಣಿಗೆ ಹೋಗುತ್ತದೆ. ಹತ್ತಿರದ ಬೆಳಕಿಗೆ ಕಣ್ಣು ಹೊಂದಿಕೊಳ್ಳುವುದರಿಂದ ದೂರ ಇನ್ನೂ ಕತ್ತಲಾಗಿ ಕಾಣುತ್ತದೆ. ಜರ್ಮನಿಯಲ್ಲಿ 2020ರಿಂದ ಕೆಲವು ಬದಲಿ ಎಲ್‌ಇಡಿ ಬಲ್ಬುಗಳಿಗೆ ಒಪ್ಪಿಗೆ ಸಿಕ್ಕಿದೆ, ಅದೂ ಪರೀಕ್ಷಿಸಿ ಪಟ್ಟಿ ಮಾಡಿದ ಕಾರು ಮಾದರಿಗಳಿಗೆ ಮಾತ್ರ.

ಬಾಳಿಕೆಯಲ್ಲೂ ಶಾಖದ ಹಿಡಿತ ತಪ್ಪಿಲ್ಲ. ಎಲ್‌ಇಡಿ ಪ್ಯಾಕೆಟ್ ಮೇಲೆ ಹಾಕುವ 30,000 ಗಂಟೆ ಎಂಬುದು ತಂಪಾಗಿಟ್ಟ ಚಿಪ್ಪಿನ ಲೆಕ್ಕ. ಬಲ್ಬಿನ ಹಿಂದಿನ ಪುಟಾಣಿ ಫ್ಯಾನಿಗೆ ಧೂಳು ತುಂಬಿದಾಗ, ಬೂಟ್ ಮುಚ್ಚಿ ಗಾಳಿ ಆಡದಾಗ ಚಿಪ್ಪಿಗೆ ಕರೆಂಟ್ ಹದಮಾಡಿ ಕೊಡುವ ಡ್ರೈವರ್ ಸರ್ಕ್ಯೂಟ್ ಮೊದಲು ಸಾಯುತ್ತದೆ. ಒಳ್ಳೆಯವು ತಮ್ಮನ್ನು ಉಳಿಸಿಕೊಳ್ಳಲು ಬಿಸಿಯಾದಂತೆ ಬೆಳಕನ್ನು ತಾವೇ ಇಳಿಸುತ್ತವೆ. ಅಂಗಡಿಯಲ್ಲಿ ಹಾಕಿದ ಮೊದಲ ನಿಮಿಷದ ಬೆಳಕು ನೋಡಿ ತೀರ್ಮಾನಿಸಬೇಡಿ. ಅರ್ಧ ಗಂಟೆ ಉರಿಸಿ, ಮೇಲೆ ಹೇಳಿದ 5 ಮೀಟರ್ ದೂರದ ಗೋಡೆಯ ಮೇಲೆ ಬೀಮಿನ ಮೇಲಂಚು ಗೆರೆ ಕೊರೆದಂತೆ ಇದೆಯೇ ನೋಡಿ. ಇಲ್ಲದಿದ್ದರೆ ಬಿಚ್ಚಿಸಿ ಹ್ಯಾಲೊಜೆನ್ನನ್ನೇ ವಾಪಸ್ ಹಾಕಿಸಿ.